ದಾರಿ ಗೊತ್ತಿದ್ದವರ ಕೈಗೇ ಜಿಪಿಎಸ್ ಬೇಕು

ಬಂಡಳ್ಳಿಯ ಟೀ ಅಂಗಡಿಯೊಂದರ ಮುಂದೆ ನಾಲ್ಕು ಬೈಕುಗಳು ನಿಂತಿದ್ದವು. ಬೆಂಗಳೂರಿನಿಂದ ಬಂದ ಹುಡುಗರು, ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಮೊಬೈಲು. ಅಂಗಡಿಯ ಜಗುಲಿಯಲ್ಲಿ ಕೂತಿದ್ದ ಹಿರಿಯರೊಬ್ಬರಿಂದ ಕಾಡಿನ ಕಡೆಯ ದಾರಿಗಳ ಬಗ್ಗೆ ಅರ್ಧ ಗಂಟೆ ಕೇಳಿ ತಿಳಿದುಕೊಂಡರು. ಹೊರಡುವಾಗ ಒಬ್ಬ ಹುಡುಗ ಆ ಹಿರಿಯರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡು, "ಇವರೇ ನಮ್ಮ ಜಿಪಿಎಸ್. ಇವರಿಗೆಲ್ಲ ಯಂತ್ರ ಯಾಕೆ ಬೇಕು ಹೇಳಿ?" ಎಂದ. ಎಲ್ಲರೂ ನಕ್ಕರು. ಹಿರಿಯರೂ ನಕ್ಕರು.

ಬೈಕುಗಳು ಹೋದ ಮೇಲೆ ಅವರು ನನ್ನ ಸೊಂಟದಲ್ಲಿ ನೇತಾಡುತ್ತಿದ್ದ ಯಂತ್ರವನ್ನು ತೋರಿಸಿ, "ಇದೇನ್ ಸಾ ಡಬ್ಬ?" ಎಂದು ಕೇಳಿದರು. ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ, ನಾವು ನಿಂತಿರುವ ಜಾಗ ಎಲ್ಲಿದೆ ಅಂತ ಹೇಳುತ್ತದೆ ಎಂದೆ. "ನಾವ್ ನಿಂತಿರ ಜಾಗ ನಮ್ಗೇ ಗೊತ್ತಲ್ಲ. ಹಳ್ಳದ್ ಹೆಸ್ರು ಹೇಳ್ತದಾ?" ಇಲ್ಲ, ಹೇಳುವುದಿಲ್ಲ ಎಂದೆ. "ಮತ್ತೆ?" ಎಂದು ಸುಮ್ಮನಾದರು.

ಆ ಹುಡುಗನ ಮಾತು ಹೊಗಳಿಕೆಯಂತೆ ಕೇಳಿಸಿತು. ನನಗೆ ಮಾತ್ರ ಅದು ಇನ್ನೂ ಚುಚ್ಚುತ್ತಿದೆ. ದಾರಿ ಗೊತ್ತಿಲ್ಲದವನ ಕೈಯಲ್ಲಿ ಯಂತ್ರ ಇರಬೇಕು, ದಾರಿ ಗೊತ್ತಿದ್ದವನು ಯಂತ್ರವೇ ಆಗಿರಬೇಕು ಎಂಬುದು ಅದರ ಅರ್ಥ. ನಮ್ಮ ಚಾರಣ ಬರಹಗಳಲ್ಲಿ, ಪ್ರವಾಸ ಕಥನಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಈ ಮಾತು ಎಷ್ಟು ಸಲ ಬಂದಿಲ್ಲ? "ಸೋಲಿಗರೇ ಕಾಡಿನ ನಡೆದಾಡುವ ನಕ್ಷೆ" ಎಂಬಂಥ ವಾಕ್ಯವನ್ನು ನಾನೂ ಒಮ್ಮೆ ಬರೆದಿದ್ದೇನೆ. ಈಗ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನನ್ನ ವಾದ ಅದಕ್ಕೆ ನೇರ ವಿರುದ್ಧ. ಈ ಯಂತ್ರ ಮೊದಲು ಬೇಕಾಗಿರುವುದು ದಾರಿ ಗೊತ್ತಿದ್ದವರಿಗೇ. ದಾರಿ ಗೊತ್ತಿಲ್ಲದ ನಾವು ಅದನ್ನು ಹಿಡಿದು ಹೋಗುವುದಾದರೆ ಅವರ ಗುಮಾಸ್ತರಾಗಿ ಹೋಗಬೇಕು.

ಹನೂರು ಸೀಮೆಯಲ್ಲಿ ದಾರಿ ಗೊತ್ತಿರುವುದು ಯಾವತ್ತೂ ಬರೀ ಪ್ರವಾಸದ ವಿಷಯವಾಗಿರಲಿಲ್ಲ. ಈ ತಾಲ್ಲೂಕಿನ ಸುತ್ತ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ವನ್ಯಧಾಮ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಿವೆ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇಲ್ಲಿ ಕಾಡುದಾರಿ ಗೊತ್ತಿರುವುದೇ ಒಂದು ಅಪರಾಧವಾಗಿತ್ತು. ಈ ಕಡೆಯವರು ದಾರಿ ತೋರಿಸು ಎಂದರು, ಆ ಕಡೆಯವರು ದಾರಿ ತೋರಿಸಿದೆಯಲ್ಲ ಎಂದರು. ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ದೌರ್ಜನ್ಯಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡಿ ಎಂದು ಆಯೋಗವೇ ಹೇಳಬೇಕಾಯಿತು. ಇಂಥ ನೆಲದಲ್ಲಿ ನಿಂತು "ಇವರೇ ನಮ್ಮ ಜಿಪಿಎಸ್" ಎಂದು ನಗುವ ಮುಂಚೆ ಸ್ವಲ್ಪ ಯೋಚಿಸಬೇಕು. ಇನ್ನೊಬ್ಬರ ಉಪಕರಣವಾಗಿ ಬಳಕೆಯಾದ ನೆನಪು ಇಲ್ಲಿನ ಜನಕ್ಕೆ ಇನ್ನೂ ಹಸಿಯಾಗಿದೆ.

ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಮೊದಲು ನೋಡೋಣ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕರಾರುವಾಕ್ಕಾದ ಸಮಯವನ್ನು ಬಿತ್ತರಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಪ್ರತಿಯೊಂದು ಎಷ್ಟು ತಡವಾಗಿ ತಲುಪಿತು ಎಂಬ ಲೆಕ್ಕದಿಂದ ಯಂತ್ರ ತಾನಿರುವ ಬಿಂದುವನ್ನು ಕಂಡುಹಿಡಿಯುತ್ತದೆ. ಅದು ಕೇಳಿಸಿಕೊಳ್ಳುತ್ತದೆಯೇ ಹೊರತು ಯಾರಿಗೂ ಏನನ್ನೂ ಹೇಳುವುದಿಲ್ಲ. ಇದು ಅಮೆರಿಕದ ಸೇನೆಯ ವ್ಯವಸ್ಥೆ. ನಾಗರಿಕರ ಸಂಕೇತವನ್ನು ಅವರು ಬೇಕೆಂದೇ ಮಸುಕು ಮಾಡಿ ಇಟ್ಟಿದ್ದರು. ಆಗ ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. 2000ನೇ ಇಸವಿಯ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದ ಮೇಲೆಯೇ ಕೈಯಂತ್ರ ಚಾರಣಿಗರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು. ಈಗ ಬಯಲಿನಲ್ಲಿ ಮೂರರಿಂದ ಐದು ಮೀಟರಿನ ಒಳಗೆ ಜಾಗ ಹೇಳುತ್ತದೆ. ನಮ್ಮದೇ ನಾವಿಕ್ ಉಪಗ್ರಹಗಳೂ 2013ರಿಂದ ಮೇಲೇರುತ್ತಿವೆ.

ಇಷ್ಟೆಲ್ಲ ಆದರೂ ಯಂತ್ರಕ್ಕೆ ಗೊತ್ತಿರುವುದು ಬಿಂದು ಮಾತ್ರ. ದಾರಿ ಅದಕ್ಕೆ ಗೊತ್ತಿಲ್ಲ. "ಅಲ್ಲಿಗೆ ಹೋಗು" ಎಂದು ಒತ್ತಿದರೆ ಕಾಗೆ ಹಾರುವಂತೆ ನೇರ ಗೆರೆ ಎಳೆಯುತ್ತದೆ. ನಡುವೆ ಕಮರಿ ಇದೆಯೋ, ಆನೆಗಳು ನೀರಿಗಿಳಿಯುವ ಹೊತ್ತೋ, ಮೊನ್ನೆಯ ಮಳೆಗೆ ಹಳ್ಳ ತುಂಬಿದೆಯೋ, ಅದಕ್ಕೆ ತಿಳಿಯದು. ನಮ್ಮವರು ದೂರವನ್ನು ಕೂಗಳತೆ ಎಂದಾಗ ಅದರಲ್ಲಿ ಗುಡ್ಡದ ಏರು, ಗಾಳಿಯ ದಿಕ್ಕು, ಕೂಗಿದರೆ ಓಗೊಡುವ ಮನುಷ್ಯ, ಎಲ್ಲವೂ ಸೇರಿರುತ್ತಿತ್ತು. ಹೊಲದ ಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು ಎಂದು ನೆರೆಯವರ ಹೆಸರು ಹಿಡಿದೇ ಜಾಗವನ್ನು ಗುರುತಿಸುತ್ತಿದ್ದೆವು. ಯಂತ್ರದ ಚಕ್ಕುಬಂದಿಯಲ್ಲಿ ಎರಡು ಅಂಕಿಗಳಿವೆ, ನೆರೆಯವರಿಲ್ಲ.

ಹಾಗಾದರೆ ಯಂತ್ರವೇ ಬೇಡ ಎನ್ನಬಹುದಲ್ಲ? ಹಾಗೆ ಹೇಳುವ ಸಾಹಿತ್ಯಪ್ರಿಯರು ನಮ್ಮಲ್ಲಿ ಬಹಳ ಮಂದಿ. ಯಂತ್ರ ಬಂದರೆ ಸ್ಮೃತಿ ಸಾಯುತ್ತದೆ, ಮಾದಪ್ಪನ ಎಪ್ಪತ್ತೇಳು ಮಲೆಗಳನ್ನು ಕಂಸಾಳೆಯವರು ಹಾಡಿ ಉಳಿಸಿಕೊಂಡರಲ್ಲ, ಅದು ಸಾಕು ಎನ್ನುತ್ತಾರೆ. ಹಾಡು ಉಳಿಸಿತು, ನಿಜ. ಆದರೆ ಕಚೇರಿಯ ಮೇಜಿನ ಮೇಲೆ ಹಾಡು ನಿಲ್ಲುವುದಿಲ್ಲ, ನಕ್ಷೆ ನಿಲ್ಲುತ್ತದೆ. ನಕ್ಷೆಯಲ್ಲಿ ಹೆಸರಿಲ್ಲದ ಜಾಗಕ್ಕೆ ಯಾರೂ ಇಲ್ಲ ಎಂದು ಅರ್ಥ ಮಾಡಲಾಗುತ್ತದೆ. ಮಾದಪ್ಪನ ಬೆಟ್ಟವೇ ಈಗ ಫಲಕಗಳಲ್ಲಿ "ಎಂ.ಎಂ. ಹಿಲ್ಸ್" ಆಗಿದೆ, ಬಿಳಿಗಿರಿರಂಗ "ಬಿ.ಆರ್." ಆಗಿದ್ದಾನೆ. ದೇವರುಗಳ ಹೆಸರೇ ಎರಡಕ್ಷರಕ್ಕೆ ಇಳಿದ ಮೇಲೆ ಒಂದು ಪೋಡಿನ, ಒಂದು ಕಲ್ಲಿನ, ಒಂದು ಹಳ್ಳದ ಹೆಸರಿನ ಗತಿ ಏನು?

ಇದಕ್ಕೆ ಉತ್ತರ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲೇ ಸಿಕ್ಕಿದೆ. 1970ರ ದಶಕದಲ್ಲಿ ಆ ಕಾಡು ವನ್ಯಧಾಮವಾದಾಗ ಸೋಲಿಗರನ್ನು ಕಾಡಿನೊಳಗಿನ ಹಳೆಯ ನೆಲೆಗಳಿಂದ ತಂದು ಪೋಡುಗಳಲ್ಲಿ ಕೂರಿಸಲಾಯಿತು. ನೆಲೆ ಬಿಟ್ಟರೂ ಅವರು ಎಲ್ಲೆಗಳನ್ನು ಬಿಡಲಿಲ್ಲ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಸತ್ತವರ ಕಲ್ಲುಗುಡಿ ಇವೆ. ದೊಡ್ಡ ಸಂಪಿಗೆ ಮರ ಹೊರಗಿನವರಿಗೂ ಗೊತ್ತು, ಆದರೆ ಅಂಥ ತಾಣಗಳು ನೂರಾರಿವೆ. ಇವುಗಳನ್ನು ಸೋಲಿಗ ಹಿರಿಯರು ನಡೆದು ತೋರಿಸಿದರು. ಸೋಲಿಗ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡ ಮತ್ತು ಏಟ್ರೀ ಸಂಸ್ಥೆಯ ಸಂಗಡಿಗರು ಜಿಪಿಎಸ್ ಯಂತ್ರ ಹಿಡಿದು ಒಂದೊಂದನ್ನೂ ಗುರುತು ಮಾಡಿಕೊಂಡರು. ನಾನೂರಕ್ಕೂ ಹೆಚ್ಚು ತಾಣಗಳು ತಮ್ಮ ಹೆಸರಿನೊಂದಿಗೆ ನಕ್ಷೆಗೆ ಬಂದವು. ಅದುವರೆಗೆ ಇಲಾಖೆಯ ನಕ್ಷೆಯಲ್ಲಿ ವಲಯ, ವಿಭಾಗ ಎಂದಷ್ಟೇ ಇದ್ದ ಕಾಡು, ಕುಲಗಳ ಕಾಡಾಗಿ ಕಾಣಿಸಿತು. 2011ರಲ್ಲಿ ಅದು ಹುಲಿ ಮೀಸಲು ಎಂದು ಘೋಷಣೆಯಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳೂ ಸಿಕ್ಕವು. ನಕ್ಷೆಯೊಂದರಿಂದಲೇ ಹಕ್ಕು ಬಂತು ಎಂದು ನಾನು ಹೇಳುವುದಿಲ್ಲ. ಅದರ ಹಿಂದೆ ದಶಕಗಳ ಸಂಘಟನೆ ಇದೆ. ಆದರೆ "ಇಲ್ಲಿ ನಮ್ಮವರು ಇದ್ದರು" ಎಂಬ ಮಾತಿಗೆ ಆ ನಕ್ಷೆ ಬೆನ್ನಾಗಿ ನಿಂತಿತು.

"ಇವರಿಗೆ ಯಂತ್ರ ಯಾಕೆ?" ಎಂದ ಹುಡುಗನಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಹಿರಿಯರು ಇಲ್ಲದಿದ್ದರೆ ಯಂತ್ರಕ್ಕೆ ಅಂಕಿಗಳಷ್ಟೇ ಸಿಗುತ್ತಿದ್ದವು. ಯಂತ್ರ ಇಲ್ಲದಿದ್ದರೆ ಹಿರಿಯರ ಮಾತು ಕಚೇರಿಯ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಇನ್ನು ಯಾವ ಯಂತ್ರ ಎಂಬ ಪ್ರಶ್ನೆ. ಅಂಗಡಿಯವರು ದೊಡ್ಡ ಬಣ್ಣದ ಪರದೆ, ಮೊಬೈಲಿಗೆ ಜೋಡಣೆ, ಮೋಡದಲ್ಲಿ ಸಂಗ್ರಹ ಎಂದೆಲ್ಲ ತೋರಿಸುತ್ತಾರೆ. ನಾನು ಹೇಳುವುದು ಇದರ ಉಲ್ಟಾ. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವ ಯಂತ್ರವನ್ನೇ ಕೊಳ್ಳಿ. ಎರಡು ಎಎ ಸೆಲ್ಲುಗಳಲ್ಲಿ ಸುಮಾರು ಇಪ್ಪತ್ತು ಗಂಟೆ ಓಡುವ ಸಾದಾ ಮಾದರಿಗಳಿವೆ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಸರಣಿ ಅಂಥದ್ದು, ಬೆಲೆ ಮಧ್ಯಮ ದರ್ಜೆಯ ಮೊಬೈಲಿನಷ್ಟು. ಆ ಸೆಲ್ಲು ಹನೂರಿನಲ್ಲಷ್ಟೇ ಅಲ್ಲ, ಸಣ್ಣ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಬೆರಳಲ್ಲಿ ಸವರುವ ಪರದೆಗಿಂತ ಗುಂಡಿ ಒತ್ತುವ ಯಂತ್ರ ಮೇಲು. ಬೆವರು, ಮಳೆ, ಮಣ್ಣಿನ ಕೈಯಲ್ಲಿ ಪರದೆ ಮಾತು ಕೇಳುವುದಿಲ್ಲ. ಜಿಪಿಎಸ್ ಜೊತೆಗೆ ಬೇರೆ ದೇಶಗಳ ಉಪಗ್ರಹಗಳನ್ನೂ ಹಿಡಿಯುವ ಯಂತ್ರವಾದರೆ ಮರದ ನೆರಳಲ್ಲಿ, ಕಮರಿಯಲ್ಲಿ ಬೇಗ ನೆಲೆ ಸಿಗುತ್ತದೆ. ನಿಂತಲ್ಲೇ ದಿಕ್ಕು ತೋರುವ ದಿಕ್ಸೂಚಿ ಒಳಗಿದೆಯೇ ಎಂದೂ ಕೇಳಿ. ಅದಿಲ್ಲದ ಯಂತ್ರಕ್ಕೆ ನಡೆಯುತ್ತಿದ್ದಾಗ ಮಾತ್ರ ದಿಕ್ಕು ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆ: ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳನ್ನು ವಿದೇಶದಿಂದ ತರಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಮೊಬೈಲು ಸಾಕಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಸಾಕು. ಒಂದು ದಿನದ ನಡಿಗೆಗೆ ಅದು ಧಾರಾಳ. ಆದರೆ ಮೊಬೈಲಿನ ಚಾರ್ಜು ಫೋಟೋಗೂ ಬೇಕು, ಹಾಡಿಗೂ ಬೇಕು, ಆಪತ್ತಿನಲ್ಲಿ ಒಂದು ಕರೆಗೂ ಬೇಕು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮೊಬೈಲಿನ ಆಪ್‌ಗಳಲ್ಲಿ ಗುರುತು ಮಾಡಿದ್ದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದರ ಮೇಲೆ ನಮಗೆ ಹತೋಟಿ ಇಲ್ಲ. ಸಾದಾ ಕೈಯಂತ್ರ ದಾಖಲೆಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ನೀವು ತೆಗೆದು ಕೊಟ್ಟರೆ ಮಾತ್ರ ಅದು ಇನ್ನೊಬ್ಬರಿಗೆ ಹೋಗುತ್ತದೆ. ಹೆಜ್ಜೇನಿನ ಮರ, ಕಲ್ಲುಗುಡಿ, ಬೇಸಿಗೆಯಲ್ಲೂ ಬತ್ತದ ಅಬ್ಬಿ, ಇವುಗಳ ನೆಲೆ ಯಾರಿಗೆ ತಿಳಿಯಬೇಕು ಎಂದು ತೀರ್ಮಾನಿಸಬೇಕಾದವರು ಅವುಗಳ ವಾರಸುದಾರರು. ನಾನು ಮೊಬೈಲ್ ಬಿಟ್ಟು ಕೈಯಂತ್ರ ಹಿಡಿದದ್ದು ಈ ಒಂದು ಕಾರಣಕ್ಕೆ.

ಬಳಸುವುದನ್ನು ಕಲಿಯದೆ ಕೊಂಡರೆ ಯಂತ್ರ ಸುಳ್ಳು ಹೇಳುತ್ತದೆ. ಒಂದು ಉದಾಹರಣೆ ನೋಡಿ. 12 ಡಿಗ್ರಿ 15 ಮಿನಿಟು ಎಂದು ಬರೆದದ್ದನ್ನು ಇನ್ನೊಬ್ಬರು 12.15 ಡಿಗ್ರಿ ಎಂದು ಓದಿದರೆ ಜಾಗ 11 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಯಾಕೆಂದರೆ ಹದಿನೈದು ಮಿನಿಟು ಎಂದರೆ ಕಾಲು ಡಿಗ್ರಿ, ಅಂದರೆ 12.25. ಮೊದಲು ಯಾವ ಬಗೆಯಲ್ಲಿ ಬರೆಯುತ್ತೇವೆ ಎಂದು ಗುಂಪಿನವರೆಲ್ಲ ಒಪ್ಪಿಕೊಳ್ಳಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಎಂಬ ಹಳೆಯ ಆಧಾರದ ಮೇಲೆ ರಚನೆಯಾದವು. ಯಂತ್ರ ಲೆಕ್ಕ ಹಾಕುವುದು ಡಬ್ಲ್ಯುಜಿಎಸ್ 84 ಎಂಬ ಹೊಸ ಆಧಾರದ ಮೇಲೆ. ಎರಡನ್ನೂ ಹೊಂದಿಸದೆ ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಇಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಆಚೀಚೆ ಆಗುತ್ತದೆ. ಹಳ್ಳದ ಈ ದಡದ ಗುಡಿ ಆ ದಡಕ್ಕೆ ಹೋಗಿಬಿಡುತ್ತದೆ.

ಅಳತೆಯ ವಿಷಯದಲ್ಲಿ ಇನ್ನೂ ಜೋಪಾನ ಬೇಕು. ಒಂದು ಎಕರೆ ಹೊಲ ಚೌಕವಾಗಿದ್ದರೆ ಒಂದು ಬದಿ ಸುಮಾರು 64 ಮೀಟರು. ಯಂತ್ರ ನಾಲ್ಕೂ ಅಂಚುಗಳನ್ನು ನಾಲ್ಕು ನಾಲ್ಕು ಮೀಟರು ಒಳಕ್ಕೆ ತೋರಿಸಿತು ಎನ್ನಿ. ಬದಿ 56 ಮೀಟರಾಗುತ್ತದೆ, 40 ಗುಂಟೆ 31 ಗುಂಟೆ ಆಗುತ್ತದೆ. ಒಂಬತ್ತು ಗುಂಟೆ ಗಾಳಿಯಲ್ಲಿ ಕರಗಿಹೋಯಿತು. ಯಂತ್ರ ಹೀಗೆ ಎಲ್ಲ ಕಡೆಯೂ ಒಂದೇ ರೀತಿ ತಪ್ಪುವುದು ಅಪರೂಪ. ಆದರೆ ಸಣ್ಣ ಹಿಡುವಳಿಯಲ್ಲಿ ಇದರ ಅರ್ಧದಷ್ಟು ತಪ್ಪೂ ಒಂದು ಕುಟುಂಬಕ್ಕೆ ಹೊಡೆತವೇ. ಆದ್ದರಿಂದ ಯಾರಾದರೂ ಯಂತ್ರ ಹಿಡಿದು ಬಂದು ನಿಮ್ಮ ಹೊಲವನ್ನು ಒಂದೇ ಸುತ್ತು ನಡೆದು ಅಂಕಿ ಬರೆದುಕೊಂಡರೆ ಒಪ್ಪಬೇಡಿ. ಮೂಲೆಮೂಲೆಯಲ್ಲೂ ಕೆಲವು ನಿಮಿಷ ನಿಂತು ಸರಾಸರಿ ತೆಗೆಯಿರಿ ಎನ್ನಿ, ಇನ್ನೊಂದು ದಿನ ಬಂದು ಮತ್ತೆ ನಡೆಯಿರಿ ಎನ್ನಿ, ಟೇಪು ಹಿಡಿಯಿರಿ ಎನ್ನಿ. ಕಾನೂನೂ ನಿಮ್ಮ ಕಡೆಗಿದೆ. 2012ರಲ್ಲಿ ತಿದ್ದುಪಡಿಯಾದ ಅರಣ್ಯ ಹಕ್ಕು ನಿಯಮಗಳ ಪ್ರಕಾರ ಉಪಗ್ರಹ ಚಿತ್ರ ಮೊದಲಾದ ತಂತ್ರಜ್ಞಾನ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಜಾಗವನ್ನು ತುಂಬುವಂತಿಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎಂದು ಅದೇ ನಿಯಮಗಳು ಹೇಳುತ್ತವೆ. ಯಂತ್ರ ಊರಿನವರ ಕೈಯಲ್ಲೇ ಇರಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ತಾನೇ ಬಳಸಿ ನೋಡಿದವನಿಗೆ ಮಾತ್ರ ಅದು ಎಲ್ಲಿ ತಪ್ಪುತ್ತದೆ ಎಂದು ಗೊತ್ತಿರುತ್ತದೆ. ಗೊತ್ತಿಲ್ಲದವನು ಅದರ ಅಂಕಿಯನ್ನು ವೇದವಾಕ್ಯ ಎಂದು ಸಹಿ ಹಾಕುತ್ತಾನೆ.

ಭಾಷೆಯ ಮಾತು ಹೇಳದೆ ಮುಗಿಸಿದರೆ ಸಾಹಿತ್ಯದ ಓದುಗರಿಗೆ ಮೋಸ ಮಾಡಿದಂತೆ. ನನ್ನ ಯಂತ್ರದಲ್ಲಿ ಕನ್ನಡ ಬರೆಯಲು ಬರುವುದಿಲ್ಲ. ಹೆಸರನ್ನು ರೋಮನ್ ಅಕ್ಷರದಲ್ಲಿ ತುಂಬಿದರೆ ಆಗುವ ಅನಾಹುತಕ್ಕೆ ಬಂಡಳ್ಳಿಯೇ ಸಾಕ್ಷಿ. ಇಂಗ್ಲಿಷಿನಲ್ಲಿ ಬರೆದ ಆ ಹೆಸರನ್ನು ಊರು ಗೊತ್ತಿಲ್ಲದವನು "ಬಂದಲ್ಲಿ" ಎಂದು ಓದಿದರೂ ತಪ್ಪೆನ್ನಲಾಗದು. ಡಕಾರ ದಕಾರವಾಯಿತು, ಳಕಾರ ಲಕಾರವಾಯಿತು, ಊರು ಹೋಗಿ ಒಂದು ಕ್ರಿಯಾಪದ ಉಳಿಯಿತು. ಹೀಗೆ ಹಾಳಾದ ಹೆಸರುಗಳು ನಕ್ಷೆಯಿಂದ ಫಲಕಕ್ಕೆ, ಫಲಕದಿಂದ ನಾಲಗೆಗೆ ಬರುತ್ತವೆ. ಅದಕ್ಕೇ ನಾನು ಯಂತ್ರದಲ್ಲಿ ಸಂಖ್ಯೆ ಮಾತ್ರ ಹಾಕುತ್ತೇನೆ. ಪಕ್ಕದಲ್ಲಿ ಒಂದು ನೋಟುಬುಕ್ಕು ಇರುತ್ತದೆ. ಅದರಲ್ಲಿ ಆ ಸಂಖ್ಯೆ, ದಿನಾಂಕ, ಹೇಳಿದವರು ಯಾರು, ಹೆಸರು ಅವರ ಬಾಯಲ್ಲಿ ಬಂದ ಹಾಗೇ ಕನ್ನಡದಲ್ಲಿ, ಆ ಹೆಸರು ಯಾಕೆ ಬಂತು ಎಂಬ ಕಥೆ, ಇಷ್ಟನ್ನೂ ಬರೆಯುತ್ತೇನೆ. ಯಂತ್ರ ಕಳೆದರೂ ಪುಸ್ತಕ ಉಳಿಯಬೇಕು. ಪುಸ್ತಕದ ಒಂದು ಪ್ರತಿ ಊರಿನಲ್ಲೇ ಉಳಿಯಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ನಕ್ಷೆ ಮಾಡಿದರೆ ಗುಟ್ಟು ರಟ್ಟಾಗುತ್ತದೆ, ಇವತ್ತು ಊರಿಗಾಗಿ ಮಾಡಿದ ನಕ್ಷೆ ನಾಳೆ ರೆಸಾರ್ಟಿನವನ ಕೈಗೆ ಹೋಗುತ್ತದೆ ಎಂಬುದು. ಇದನ್ನು ಹೇಳುವವರಿಗೆ ನಾನು ತಲೆಬಾಗುತ್ತೇನೆ, ಯಾಕೆಂದರೆ ಭಯ ನಿಜವಾದದ್ದು. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ನೆರೆದ ಚಾರಣಿಗರ ಚಿತ್ರ ನೀವೂ ನೋಡಿರಬಹುದು. ಒಂದು ಜಾಗದ ನೆಲೆ ಎಲ್ಲರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ ಗುಟ್ಟನ್ನು ರಟ್ಟು ಮಾಡುತ್ತಿರುವವರು ಯಾರು? ಎಲ್ಲೆಯನ್ನು ಗುರುತು ಮಾಡಿಕೊಂಡ ಸೋಲಿಗರಲ್ಲ. ಯಾರನ್ನೂ ಕೇಳದೆ ಜಲಪಾತದ ನೆಲೆಯನ್ನು ಜಾಲತಾಣಕ್ಕೆ ಏರಿಸುವ ನಮ್ಮಂಥವರು. ಊರಿನವರು ನಕ್ಷೆ ಮಾಡದೆ ಸುಮ್ಮನಿದ್ದರೆ ಗುಟ್ಟು ಉಳಿಯುವುದಿಲ್ಲ, ಬೇರೆಯವರು ಇಟ್ಟ ಹೆಸರಿನಲ್ಲಿ ಹೊರಗೆ ಬರುತ್ತದೆ ಅಷ್ಟೆ. ಗ್ರಾಮಸಭೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ನಕ್ಷೆ, ಬೇಕಾದಾಗ ಬೇಕಾದಷ್ಟೇ ತೋರಿಸುವ ನಕ್ಷೆ, ಇದು ನಾನು ಕೇಳುತ್ತಿರುವುದು.

ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕವೋ ಭೂಗೋಳ ವಿಭಾಗವೋ ಒಂದು ಸಾದಾ ಕೈಯಂತ್ರ ಕೊಳ್ಳಲಿ. ಅದನ್ನು ಹಿಡಿದು ವನ್ಯಧಾಮದೊಳಗೆ ನುಗ್ಗಬೇಡಿ. ಯಂತ್ರ ಅನುಮತಿ ಪತ್ರವಲ್ಲ, ಅನುಮತಿ ಇಲ್ಲದೆ ಒಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೊದಲು ನಿಮ್ಮ ಊರಿನ ಕೆರೆ, ಕಟ್ಟೆ, ಗೋಮಾಳ, ಸ್ಮಶಾನ, ಬಾಂದುಕಲ್ಲುಗಳಿಂದ ಶುರು ಮಾಡಿ. ಗೋಮಾಳ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಊರಿನ ಹಿರಿಯರನ್ನು ಕರೆದುಕೊಂಡು ನಡೆದು ನೋಡಿ. ಅರ್ಧ ದಿನದಲ್ಲಿ ನಿಮಗೆ ಯಂತ್ರವೂ ಅರ್ಥವಾಗುತ್ತದೆ, ಊರೂ ಅರ್ಥವಾಗುತ್ತದೆ. ಆಮೇಲೆ ಯಂತ್ರವನ್ನು ಅವರ ಕೈಗೆ ಕೊಡಿ, ಗುಂಡಿ ಒತ್ತಲು ಕಲಿಸಿ, ನೀವು ಬರೆದುಕೊಳ್ಳಿ.

ಮುಂದಿನ ವಾರ ಬಂಡಳ್ಳಿಗೆ ಮತ್ತೆ ಹೋಗುತ್ತಿದ್ದೇನೆ. ಹಳ್ಳದ ಹೆಸರು ಹೇಳುತ್ತದಾ ಎಂದು ಕೇಳಿದ ಹಿರಿಯರಿಗೆ ಹೊಸ ಸೆಲ್ಲು ಹಾಕಿದ ಯಂತ್ರ, ಖಾಲಿ ನೋಟುಬುಕ್ಕು ತೋರಿಸಿ ಹೇಳಬೇಕಿದೆ: ಅದಕ್ಕೆ ಹೆಸರು ಗೊತ್ತಿಲ್ಲ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.